ಹಾಡುಗಾರ್ತಿಯರ ಅಮ್ಮಂದಿರ ಬಗ್ಗೆ ಐತಿಹಾಸಿಕ ಕಾದಂಬರಿ: ಎಷ್ಟು ಕಟ್ಟಬಹುದು, ಎಲ್ಲಿ ನಿಲ್ಲಿಸಬೇಕು?

ರಂಗಸ್ವರ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ನಾಟಕಗಳಿಗೆ ಸಂಗೀತ ಮಾಡುತ್ತೇನೆ, ಕವಿತೆಗಳಿಗೂ ರಾಗ ಹಾಕುತ್ತೇನೆ. ಕಥೆ ಬರೆಯುವ ಅಭ್ಯಾಸ ಮೊದಲಿನಿಂದ ಇದೆ. ಈಗ ಎರಡನ್ನೂ ಸೇರಿಸಿ ಒಂದು ಐತಿಹಾಸಿಕ ಕಾದಂಬರಿಗೆ ಕೈ ಹಾಕಿದ್ದೇನೆ. ಅರ್ಧ ಆಗಿದೆ, ಮುಂದಕ್ಕೆ ಹೋಗುತ್ತಿಲ್ಲ. ಇಲ್ಲಿ ಹಳೇ ರೆಕಾರ್ಡು ಕೂಡಿಡುವವರಿದ್ದೀರಿ, ಇತಿಹಾಸ ಓದಿಕೊಂಡವರಿದ್ದೀರಿ, ಹಾಡುವವರೂ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಬೆಂಗಳೂರು ನಾಗರತ್ನಮ್ಮನವರ ಹೆಸರು ಗೊತ್ತಿರುತ್ತದೆ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು. ಮದ್ರಾಸಿಗೆ ಹೋಗಿ ಹಾಡುಗಾರ್ತಿಯಾಗಿ ದೊಡ್ಡ ಹೆಸರು ಮಾಡಿದರು. ತಿರುವಯ್ಯಾರಿನಲ್ಲಿ ಪಾಳು ಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ಸ್ವಂತ ದುಡ್ಡಿನಿಂದ ಗುಡಿ ಕಟ್ಟಿಸಿದರು, ಅದರ ಕುಂಭಾಭಿಷೇಕವೂ ಆಯಿತು. ತ್ಯಾಗರಾಜರ ನೆನಪಿಗೆ ಅಲ್ಲಿ ವರ್ಷವರ್ಷ ನಡೆಯುವ ಆರಾಧನೆಯಲ್ಲಿ ಹೆಂಗಸರಿಗೆ ಹಾಡಲು ಬಿಡುವುದಿಲ್ಲ ಅಂದಾಗ ಹೆಂಗಸರದ್ದೇ ಬೇರೆ ಆರಾಧನೆ ಶುರು ಮಾಡಿದರು. ಇಷ್ಟು ಈಗ ಸುಮಾರು ಜನಕ್ಕೆ ಗೊತ್ತು.

ನನ್ನನ್ನು ಹಿಡಿದುಕೊಂಡಿರುವುದು ಅವರ ತಾಯಿ ಪುಟ್ಟಲಕ್ಷ್ಮಿ. ಮೈಸೂರು ಅರಮನೆಯಲ್ಲಿ ಹಾಡಿಕೊಂಡಿದ್ದ ಮನೆತನ ಅವರದು. ಮಗುವಿನ ತಂದೆ, ವಕೀಲ ಸುಬ್ಬರಾಯರು, ಕೈ ಬಿಟ್ಟ ಮೇಲೆ ಪುಟ್ಟಲಕ್ಷ್ಮಿ ಅರಮನೆಯ ಸಂಸ್ಕೃತ ವಿದ್ವಾಂಸ ಗಿರಿಭಟ್ಟರ ತಮ್ಮಯ್ಯನವರ ಆಶ್ರಯಕ್ಕೆ ಬಂದರು. ಮಗಳಿಗೆ ಸಂಸ್ಕೃತ, ಸಂಗೀತ ಅಲ್ಲಿ ಶುರುವಾಯಿತು. ಆಮೇಲೆ ಆ ಆಸರೆಯೂ ತಪ್ಪಿತು. ಕೊನೆಗೆ ಪಿಟೀಲು ವಿದ್ವಾಂಸರಾಗಿದ್ದ ಸೋದರಮಾವ ವೆಂಕಟಸ್ವಾಮಪ್ಪನವರ ಮನೆ. ಮಗಳ ಕಥೆ ಬರೆದವರೆಲ್ಲ ತಾಯಿಯನ್ನು ಮೊದಲ ಎರಡು ಪುಟದಲ್ಲಿ ಮುಗಿಸಿಬಿಡುತ್ತಾರೆ. ಆಕೆ ಏನು ಹಾಡುತ್ತಿದ್ದಳು, ಹೇಗೆ ಹಾಡುತ್ತಿದ್ದಳು, ಮಗಳ ಗಂಟಲಿನಲ್ಲಿ ಆಕೆಯದು ಎಷ್ಟು ಉಳಿಯಿತು ಅಂತ ಯಾರೂ ಕೇಳುವುದಿಲ್ಲ. ನಾನು ಅದನ್ನೇ ಬರೆಯಬೇಕು ಅಂತ ಹೊರಟವಳು.

ಈಗ ಪ್ರಶ್ನೆ. ಒಂದು, ಪುಟ್ಟಲಕ್ಷ್ಮಿ ಅನ್ನುವ ನಿಜದ ಹೆಸರನ್ನೇ ಇಟ್ಟುಕೊಳ್ಳಲಾ, ಅಥವಾ ಹೆಸರು ಬದಲಿಸಿ ಬರೆಯಲಾ? ಸಿಗುವ ಸಂಗತಿ ಇಷ್ಟೇ ಇಷ್ಟು, ಉಳಿದದ್ದೆಲ್ಲ ನಾನೇ ಕಟ್ಟಬೇಕು. ಇನ್ನೊಂದು, ಇದು ಸಂಗೀತ ಮಾಡುವವಳಾಗಿ ನನ್ನನ್ನು ಜಾಸ್ತಿ ಕಾಡುವುದು. ಕಾದಂಬರಿಯಲ್ಲಿ ಆಕೆ ಮಗುವಿಗೆ ಒಂದು ಜೋಗುಳ ಹಾಡುತ್ತಾಳೆ, ಆಕೆಯೇ ಕಟ್ಟಿದ್ದು. ಅದಕ್ಕೆ ನಾನು ಸಾಹಿತ್ಯ ಬರೆದು ರಾಗ ಹಾಕಿದ್ದೇನೆ. ಪುಸ್ತಕದ ಜೊತೆ ಹಾಡನ್ನೂ ರೆಕಾರ್ಡ್ ಮಾಡಿ ಬಿಡೋಣ ಅಂತ ಪ್ರಕಾಶಕರು ಹೇಳುತ್ತಿದ್ದಾರೆ. ಮಾಡಬಹುದಾ? ಹಾಗೇ, ಸಂಗೀತವನ್ನು ಗದ್ಯದಲ್ಲಿ ಬರೆಯುವುದು ನನಗೆ ಬಹಳ ಕಷ್ಟವಾಗುತ್ತಿದೆ. ಹಾರ್ಮೋನಿಯಂ ಪೆಟ್ಟಿಗೆ ಮುಂದೆ ಕೂತರೆ ಹತ್ತು ನಿಮಿಷದಲ್ಲಿ ಬರುವ ಭಾವ ವಾಕ್ಯದಲ್ಲಿ ಬರುವುದೇ ಇಲ್ಲ. ಓದುಗರಾಗಿ ನಿಮಗೆ ಏನು ಬೇಕು ಅಂತ ಹೇಳಿ.

ಕಪಿಲಾತೀರ

ಮೇಡಂ, ವಿಷಯ ತುಂಬಾ ಒಳ್ಳೆಯದು, ಖಂಡಿತ ಬರೆಯಿರಿ. ಆದರೆ ಹೆಸರು ಬದಲಿಸಿ ಅಂತಲೇ ನನ್ನ ಸಲಹೆ. ನಿಮ್ಮ ಕೈಯಲ್ಲಿ ಇರುವುದು ನಾಲ್ಕು ಸಾಲಿನ ಮಾಹಿತಿ. ಅದರ ಮೇಲೆ ಮುನ್ನೂರು ಪುಟ ಕಟ್ಟುತ್ತೀರಿ. ಓದಿದವರು ಆ ಮುನ್ನೂರು ಪುಟವನ್ನೂ ನಿಜ ಅಂತಲೇ ನಂಬುತ್ತಾರೆ, ನಮ್ಮಲ್ಲಿ ಐತಿಹಾಸಿಕ ಕಾದಂಬರಿಗೆ ಯಾವಾಗಲೂ ಆಗುವುದು ಹಾಗೆ. ಸುಬ್ಬರಾಯರು, ತಮ್ಮಯ್ಯನವರು ಕೂಡ ನಿಜವಾಗಿ ಬದುಕಿದ್ದ ಜನ. ಅವರ ಬಾಯಲ್ಲಿ ನೀವು ಮಾತು ಹಾಕಬೇಕಾಗುತ್ತದೆ, ಅವರ ಮನಸ್ಸಿನೊಳಗೆ ಹೋಗಬೇಕಾಗುತ್ತದೆ. ಬೇರೆ ಹೆಸರು ಇಟ್ಟರೆ ನಿಮಗೂ ಕೈ ಬಿಚ್ಚಿ ಬರೆಯಲು ಆಗುತ್ತದೆ, ಅವರಿಗೂ ಅನ್ಯಾಯ ಆಗುವುದಿಲ್ಲ.

ಕಾಲದ ಬಗ್ಗೆ ಒಂದು ಮಾತು. 1878 ಅಂದರೆ ಬರೀ ಇಸವಿ ಅಂತ ತೆಗೆದುಕೊಳ್ಳಬೇಡಿ. 1876ರಿಂದ 78ರವರೆಗಿನ ಮಹಾಬರ ಆಗಷ್ಟೇ ಮುಗಿಯುತ್ತಿತ್ತು. ಧಾತು ಈಶ್ವರ ಬರ ಅಂತ ನಮ್ಮ ಕಡೆ ಹಿರಿಯರು ಹೇಳುತ್ತಿದ್ದದ್ದು ಇದನ್ನೇ. ಮೈಸೂರು ಸೀಮೆಯಲ್ಲಿ ಲಕ್ಷಗಟ್ಟಲೆ ಜನ ಸತ್ತರು. ನಾಗರತ್ನಮ್ಮ ಹುಟ್ಟಿದ್ದು ಆ ವರ್ಷದ ನವೆಂಬರಿನಲ್ಲಿ. ಪುಟ್ಟಲಕ್ಷ್ಮಿ ಬಸುರಿಯಾಗಿದ್ದದ್ದು ಆ ಬರದ ಬಾಲದಲ್ಲಿ ಅಂದ ಹಾಗಾಯಿತು. ಇನ್ನು ಅರಮನೆ ಅಂದ ತಕ್ಷಣ ಈಗಿನ ಅರಮನೆ ಕಣ್ಣ ಮುಂದೆ ಬರಬಾರದು. ಆಗಿದ್ದದ್ದು ಮರದ ಅರಮನೆ, ಅದು 1897ರಲ್ಲಿ ಸುಟ್ಟುಹೋಯಿತು. ಆಡಳಿತ ಬ್ರಿಟಿಷ್ ಕಮಿಷನರದ್ದು, ಚಾಮರಾಜ ಒಡೆಯರು ಇನ್ನೂ ಹುಡುಗ, ರಾಜ್ಯ ವಾಪಸ್ ಕೈಗೆ ಬಂದದ್ದು 1881ರ ಮಾರ್ಚಿನಲ್ಲಿ. ಆ ನಡುವಿನ ಕಾಲದಲ್ಲಿ ಅರಮನೆಯನ್ನೇ ನಂಬಿಕೊಂಡಿದ್ದ ಹಾಡುಗಾರ್ತಿಯ ಪಾಡು ಹೇಗಿತ್ತು ಅಂತ ಯೋಚನೆ ಮಾಡಿದರೆ ನಿಮ್ಮ ಕಾದಂಬರಿಗೆ ಒಂದು ಗಟ್ಟಿ ನೆಲ ಸಿಗುತ್ತದೆ. ಅದಕ್ಕೆ ಪ್ರೇಮಕಥೆ ಗೀಮಕಥೆ ಏನೂ ಬೇಡ.

ಮುದ್ದುಪಳನಿ ಓದುಗಿ

ಹೆಸರು ಬದಲಿಸುವುದಕ್ಕೆ ನನ್ನ ಪೂರ್ತಿ ವಿರೋಧ ಇದೆ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾಗರತ್ನಮ್ಮ ತಾವೇ ಒಂದು ಕೆಲಸ ಮಾಡಿದ್ದಾರೆ. ಹದಿನೆಂಟನೇ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹ ರಾಜನ ಆಸ್ಥಾನದಲ್ಲಿ ಮುದ್ದುಪಳನಿ ಅಂತ ಒಬ್ಬ ಕವಯಿತ್ರಿ ಇದ್ದಳು, 'ರಾಧಿಕಾ ಸಾಂತ್ವನಮು' ಅಂತ ತೆಲುಗು ಕಾವ್ಯ ಬರೆದಳು. ನಾಗರತ್ನಮ್ಮನವರ ಹಾಗೆ ಆಕೆಯೂ ದೇವದಾಸಿ ಮನೆತನದವಳು. ಕಾವ್ಯದ ಪೀಠಿಕೆಯಲ್ಲಿ ಕವಿಗಳು ಸಾಮಾನ್ಯವಾಗಿ ತಂದೆ, ತಾತ, ಗೋತ್ರ ಅಂತ ಹೇಳಿಕೊಂಡರೆ ಮುದ್ದುಪಳನಿ ತನ್ನ ಅಜ್ಜಿಯ ಹೆಸರು ಹೇಳಿ ಹೆಣ್ಣಿನ ಕಡೆಯಿಂದ ವಂಶ ಹೇಳುತ್ತಾಳೆ. ಹತ್ತೊಂಬತ್ತನೇ ಶತಮಾನದಲ್ಲಿ ಆ ಕಾವ್ಯವನ್ನು ಅಚ್ಚು ಮಾಡಿದಾಗ ಪೀಠಿಕೆಯನ್ನೇ ಬಿಟ್ಟರು, ಕೆಲವು ಪದ್ಯಗಳನ್ನೂ ತೆಗೆದರು. ತೆಲುಗಿನ ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಅಂಥ ದೊಡ್ಡವರು ಇದು ಅಶ್ಲೀಲ ಅಂತ ಬೈದರು. ನಾಗರತ್ನಮ್ಮ ಮೂಲ ಹುಡುಕಿ ತರಿಸಿ, ತೆಗೆದುಹಾಕಿದ್ದನ್ನೆಲ್ಲ ವಾಪಸ್ ಸೇರಿಸಿ 1910ರಲ್ಲಿ ಮತ್ತೆ ಅಚ್ಚು ಹಾಕಿಸಿದರು. ಗಂಡಸರು ಶೃಂಗಾರ ಬರೆದಾಗ ಇಲ್ಲದ ನಾಚಿಕೆ ಹೆಂಗಸು ಬರೆದಾಗ ಯಾಕೆ ಅಂತ ನೇರವಾಗಿ ಕೇಳಿದರು. ಸರ್ಕಾರ ಪುಸ್ತಕ ಮುಟ್ಟುಗೋಲು ಹಾಕಿಕೊಂಡಿತು. ಆ ನಿಷೇಧ ಹೋಗಬೇಕಾದರೆ ಟಂಗುಟೂರಿ ಪ್ರಕಾಶಂ ಮದ್ರಾಸಿನ ಅಧಿಕಾರಕ್ಕೆ ಬರಬೇಕಾಯಿತು.

ಈಗ ನೋಡಿ. ಒಬ್ಬ ಹೆಂಗಸು ತನ್ನ ಅಜ್ಜಿಯ ಹೆಸರು ಬರೆದಳು, ಅದನ್ನು ಅಳಿಸಿದರು, ಇನ್ನೊಬ್ಬ ಹೆಂಗಸು ಬಂದು ಅದನ್ನು ವಾಪಸ್ ಬರೆದಳು. ಆ ಇನ್ನೊಬ್ಬ ಹೆಂಗಸಿನ ತಾಯಿಯ ಬಗ್ಗೆ ನೀವು ಕಾದಂಬರಿ ಬರೆಯುವಾಗ ಹೆಸರು ಬದಲಿಸಿದರೆ ಮತ್ತೆ ಅದೇ ಅಳಿಸುವ ಕೆಲಸ ಮಾಡಿದ ಹಾಗೆ ಅಲ್ವಾ? ಈಗಲೇ ಪುಟ್ಟಲಕ್ಷ್ಮಿ ಯಾರಿಗೂ ಗೊತ್ತಿಲ್ಲ. ನಿಮ್ಮ ಕಾದಂಬರಿ ಚೆನ್ನಾಗಿ ಓಡಿದರೆ ಜನರ ಬಾಯಲ್ಲಿ ಉಳಿಯುವುದು ನೀವು ಇಟ್ಟ ಯಾವುದೋ ಹೆಸರು.

ಕಪಿಲಾತೀರ ಸರ್ ಹೇಳಿದ ಭಯ ನನಗೆ ಅರ್ಥವಾಗುತ್ತದೆ. ಅದಕ್ಕೆ ದಾರಿ ಇದೆ. ತಮ್ಮಯ್ಯನವರ ಮನಸ್ಸಿನೊಳಗೆ ಹೋಗಲೇಬೇಡಿ. ಇಡೀ ಕಾದಂಬರಿ ಪುಟ್ಟಲಕ್ಷ್ಮಿಯ ಕಣ್ಣಿನಲ್ಲೇ ಇರಲಿ. ಆಕೆಗೆ ಕಂಡದ್ದು, ಕೇಳಿಸಿದ್ದು ಅಷ್ಟೇ. ಅವರು ಯಾಕೆ ಕೈ ಬಿಟ್ಟರು ಅಂತ ಆಕೆಗೆ ಎಷ್ಟು ಗೊತ್ತೋ ಓದುಗರಿಗೂ ಅಷ್ಟೇ ಗೊತ್ತಾಗಲಿ. ಕೊನೆಗೆ ಲೇಖಕಿಯ ಮಾತಿನಲ್ಲಿ ಯಾವುದು ದಾಖಲೆಯಲ್ಲಿದೆ, ಯಾವುದು ನೀವು ಕಟ್ಟಿದ್ದು ಅಂತ ಬಿಡಿಸಿ ಬರೆಯಿರಿ.

ಕಪಿಲಾತೀರ

ಪೀಠಿಕೆಯ ವಿಷಯ ಬಲವಾದದ್ದು, ಒಪ್ಪುತ್ತೇನೆ. ಆದರೂ ಲೇಖಕಿಯ ಮಾತನ್ನು ಯಾರು ಓದುತ್ತಾರೆ ಹೇಳಿ. ಕಾದಂಬರಿಯಿಂದ ನಾಟಕ ಆಗುತ್ತದೆ, ನಾಟಕದಿಂದ ಸೀರಿಯಲ್ ಆಗುತ್ತದೆ, ಅಲ್ಲಿಗೆ ಬರುವ ಹೊತ್ತಿಗೆ ಆ ಟಿಪ್ಪಣಿ ಇರುವುದಿಲ್ಲ, ಹೆಸರು ಮಾತ್ರ ಇರುತ್ತದೆ.

ಮುದ್ದುಪಳನಿ ಓದುಗಿ

ಹಾಗಾದರೆ ಟಿಪ್ಪಣಿ ಹಿಂದೆ ಬೇಡ, ಮುಂದೆ ಹಾಕಲಿ. ಮೊದಲ ಪುಟದಲ್ಲೇ.

ಹಳೇ ಪ್ಲೇಟು

ನಾನು ಗ್ರಾಮಫೋನ್ ಪ್ಲೇಟುಗಳನ್ನು ಕೂಡಿಡುವವನು, ಆ ಕಡೆಯಿಂದ ಹೇಳುತ್ತೇನೆ.

ರೆಕಾರ್ಡಿನಲ್ಲಿ ಇದ್ದವರನ್ನು ಮಾತ್ರ ನಾವು ನೆನೆಯುತ್ತೇವೆ. ಅದು ನಮ್ಮ ಸಂಗೀತದ ಇತಿಹಾಸದ ದೊಡ್ಡ ಕೊರತೆ. ಭಾರತದಲ್ಲಿ ಗ್ರಾಮಫೋನ್ ಕಂಪನಿ ಮೊದಲು ರೆಕಾರ್ಡ್ ಮಾಡಿದ್ದು 1902ರ ನವೆಂಬರಿನಲ್ಲಿ, ಕಲ್ಕತ್ತಾದಲ್ಲಿ. ಕಲ್ಕತ್ತಾದ ಹೆಸರಾಂತ ಗಾಯಕಿ ಗೌಹರ್ ಜಾನ್ ಮೊದಲು ಅಂತ ಎಲ್ಲ ಕಡೆ ಬರೆಯುತ್ತಾರೆ. ಆಕೆಗಿಂತ ಕೆಲವು ದಿನ ಮೊದಲೇ ರೆಕಾರ್ಡಿಂಗ್ ಕೊಳವೆಯ ಮುಂದೆ ನಿಂತು ಹಾಡಿದವರು ಅಲ್ಲಿನ ನಾಟಕ ಕಂಪನಿಯ ಇಬ್ಬರು ಹುಡುಗಿಯರು, ಶಶಿಮುಖಿ ಮತ್ತು ಫಣಿಬಾಲಾ. ಅವರ ಬಗ್ಗೆ ಕಾದಂಬರಿ ಯಾರು ಬರೆಯುತ್ತಾರೋ!

ಗೌಹರ್ ಜಾನ್ ನಿಮ್ಮ ಊರಿಗೇ ಸೇರಿದವರು ಅಂತಲೂ ಹೇಳಬಹುದು. ನಾಲ್ವಡಿ ಕೃಷ್ಣರಾಜ ಒಡೆಯರು ಕರೆಸಿಕೊಂಡರು, 1928ರಲ್ಲಿ ಮೈಸೂರು ಆಸ್ಥಾನಕ್ಕೆ ಬಂದರು, 1930ರ ಜನವರಿ 17ಕ್ಕೆ ಮೈಸೂರಿನಲ್ಲೇ ತೀರಿಕೊಂಡರು. ಅವರ ತಾಯಿ ಮಲ್ಕಾ ಜಾನ್. ನಿಮ್ಮ ಪುಟ್ಟಲಕ್ಷ್ಮಿಯ ಕಥೆಗೂ ಅವರ ಕಥೆಗೂ ಎಷ್ಟು ಹೋಲಿಕೆ ಇದೆ ನೋಡಿ. ಆಜಂಗಢದಲ್ಲಿ ಗಂಡ ಬಿಟ್ಟ ಮೇಲೆ ಚಿಕ್ಕ ಮಗಳನ್ನು ಕಟ್ಟಿಕೊಂಡು ಬನಾರಸ್ಸಿಗೆ ಬಂದರು, ಅಲ್ಲಿಂದ 1883ರಲ್ಲಿ ಕಲ್ಕತ್ತಾಗೆ. ಮಗಳಿಗೆ ಒಳ್ಳೊಳ್ಳೆ ಉಸ್ತಾದರನ್ನು ಹಿಡಿದು ಕಲಿಸಿದರು. ಸ್ವತಃ ಕವಯಿತ್ರಿ, 1886ರಲ್ಲಿ ಉರ್ದು ಕವನ ಸಂಕಲನ ಅಚ್ಚಾಗಿದೆ. ಆದರೂ ಇವತ್ತು ಮಲ್ಕಾ ಜಾನ್ ಅಂದರೆ ಗೌಹರ್ ಜಾನ್ ತಾಯಿ ಅಂತ ಅಷ್ಟೇ.

ಒಂದೇ ಒಂದು ಕಡೆ ತಾಯಿಯ ಸಂಗೀತ ಮಗಳ ಪ್ಲೇಟಿನಲ್ಲೇ ಕೇಳಿಸುತ್ತದೆ. ಎಂ.ಎಸ್. ಸುಬ್ಬುಲಕ್ಷ್ಮಿ ಹತ್ತು ವರ್ಷದ ಹುಡುಗಿಯಾಗಿದ್ದಾಗ ಮಾಡಿದ ಮೊದಲ ರೆಕಾರ್ಡಿನಲ್ಲಿ ವೀಣೆ ನುಡಿಸಿರುವುದು ಅವರ ತಾಯಿ ಷಣ್ಮುಖವಡಿವು. ಸಾಧ್ಯವಾದರೆ ಹುಡುಕಿ ಕೇಳಿ. ಹುಡುಗಿಯ ಧ್ವನಿಯನ್ನು ಬಿಟ್ಟು ವೀಣೆಯ ಕಡೆ ಕಿವಿ ಕೊಡಿ. ನಿಮ್ಮ ಕಾದಂಬರಿಗೆ ಬೇಕಾದದ್ದು ಆ ಕಿವಿ ಅಂತ ನನಗೆ ಅನ್ನಿಸುತ್ತದೆ.

ಪುಟ್ಟಲಕ್ಷ್ಮಿಯ ಕಾಲಕ್ಕೆ ಮೈಕೂ ಇಲ್ಲ, ರೆಕಾರ್ಡೂ ಇಲ್ಲ. ಮೈಕ್ ಇಲ್ಲದ ಕಾಲದ ಧ್ವನಿಯನ್ನು ಈಗಿನ ಮೆದು ಧ್ವನಿಯ ಹಾಗೆ ಬರೆಯಬೇಡಿ. ಶ್ರುತಿ ಮೇಲಿರುತ್ತಿತ್ತು, ಬಾಯಿ ಬಿಟ್ಟು ಹಾಡುತ್ತಿದ್ದರು, ಅಂಗಳದಲ್ಲಿ ಕೂತ ಕೊನೆಯವನಿಗೂ ಕೇಳಿಸಬೇಕಿತ್ತು. ನಾಗರತ್ನಮ್ಮನವರದ್ದೂ ಗಂಡುದನಿ ಅಂತ ಹೇಳುವಷ್ಟು ಗಟ್ಟಿ ಧ್ವನಿಯಾಗಿತ್ತಂತೆ. ಕೋಗಿಲೆ ಕಂಠ ಅಂತ ಒಂದು ಕಡೆ ಬರೆದರೂ ಆ ಕಾಲ ಕೈ ತಪ್ಪಿ ಹೋಗುತ್ತದೆ.

ಕುಂದಗೋಳ ರೈಲು, ಹುಬ್ಬಳ್ಳಿ

ಅಮ್ಮಂದಿರ ಮಾತು ಬಂತಲ್ಲ, ನಮ್ಮ ಕಡೆಯ ಅಂಬಾಬಾಯಿಯವರನ್ನು ಬಿಟ್ಟು ಹೆಂಗ್ರೀ ಮುಂದಕ್ಕೆ ಹೋಗುವುದು? ಗಂಗೂಬಾಯಿ ಹಾನಗಲ್ ಅವರ ತಾಯಿ. ಧಾರವಾಡದಲ್ಲಿ ಕರ್ನಾಟಕ ಸಂಗೀತ ಹಾಡುತ್ತಿದ್ದವರು. ಹಿಂದೂಸ್ತಾನಿಯ ಕಿರಾಣಾ ಘರಾಣೆಯ ದೊಡ್ಡ ಗಾಯಕ ಅಬ್ದುಲ್ ಕರೀಂ ಖಾನ್ ಸಾಹೇಬರಂಥವರು ಅವರ ಮನೆಗೆ ಬಂದು ಹಾಡು ಕೇಳುತ್ತಿದ್ದರು. ಮಗಳಿಗೆ ಹಿಂದೂಸ್ತಾನಿ ಕಲಿಸಬೇಕು ಅಂತ ತೀರ್ಮಾನ ಆದ ಮೇಲೆ, ತನ್ನ ಹಾಡು ಮಗಳ ಕಿವಿಯಲ್ಲಿ ಬೆರೆತುಹೋಗಬಾರದು ಅಂತ ಅಂಬಾಬಾಯಿ ಮನೆಯಲ್ಲಿ ಹಾಡುವುದನ್ನೇ ಬಿಟ್ಟರು. ಮಗಳ ಹೆಸರು ಏರುವ ಹೊತ್ತಿಗೆ, 1932ರಲ್ಲಿ, ತೀರಿಯೂ ಹೋದರು.

ಇದನ್ನು ಹೇಳುವವರೆಲ್ಲ ತಾಯಿಯ ತ್ಯಾಗ ಅಂತ ಒಂದು ಮಾತಿನಲ್ಲಿ ಕಣ್ಣು ಒರೆಸಿಕೊಂಡು ಮುಗಿಸುತ್ತಾರೆ. ನನಗೆ ಅದು ಸಾಲುವುದಿಲ್ಲ. ಹಾಡುವವನಾಗಿ ಹೇಳುತ್ತೇನೆ, ಅದು ಒಬ್ಬ ದೊಡ್ಡ ಸಂಗೀತಗಾರ್ತಿಯ ಕಿವಿ ಮಾಡಿದ ತೀರ್ಮಾನ. ಕರ್ನಾಟಕದ ತೋಡಿಯ ಸ್ವರಗಳನ್ನೇ ಹಿಂದೂಸ್ತಾನಿಯಲ್ಲಿ ಭೈರವಿ ಅನ್ನುತ್ತೇವೆ. ಹಿಂದೂಸ್ತಾನಿ ತೋಡಿಗೆ ನೀವು ಶುಭಪಂತುವರಾಳಿ ಅನ್ನುತ್ತೀರಿ. ಕರ್ನಾಟಕ ತೋಡಿಯ ಗಾಂಧಾರ, ಅಂದರೆ 'ಗ' ಸ್ವರ, ಒಂದು ಕಡೆ ನಿಲ್ಲುವುದೇ ಇಲ್ಲ, ತೂಗುತ್ತಲೇ ಇರುತ್ತದೆ, ಅದರ ಜೀವವೇ ಆ ಕಂಪನ. ನಮ್ಮಲ್ಲಿ ಷಡ್ಜ ಹಚ್ಚಿ ಒಂದೊಂದು ಸ್ವರದ ಮೇಲೆ ಕಿರಾಣಾದವರು ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ನಿಮಗೆ ಗೊತ್ತು. ಬೆಳಿಗ್ಗೆ ಎದ್ದರೆ ತಾಯಿಯ ತೋಡಿ ಕಿವಿಗೆ ಬೀಳುವ ಮಗು ಸಂಜೆ ಗುರುಗಳ ಮುಂದೆ ಗಾಂಧಾರ ನಿಲ್ಲಿಸಬೇಕು. ಅಂಬಾಬಾಯಿಗೆ ಈ ತೊಡಕು ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ತನ್ನ ಸ್ವರ ಎಷ್ಟು ಬಲವಾದದ್ದು ಅಂತ ಗೊತ್ತಿದ್ದದ್ದರಿಂದಲೇ ನಿಲ್ಲಿಸಿದರು. ಇದನ್ನು ಒಬ್ಬ ಸಂಯೋಜಕಿ ಬರೆದರೆ ಮಾತ್ರ ಬರೆಯಬಹುದು, ಬೇರೆಯವರು ಬರೆದರೆ ಮತ್ತೆ ತ್ಯಾಗಮೂರ್ತಿಯೇ ಆಗುತ್ತಾರೆ.

ಜಾತಿಯನ್ನೂ ಬಿಡಬೇಡಿ. ಗಂಗೂಬಾಯಿಯವರು ಹೇಳುತ್ತಿದ್ದರು, ಚಿಕ್ಕವರಿದ್ದಾಗ ಪಕ್ಕದ ಸಿರಿವಂತರ ತೋಟದಲ್ಲಿ ಮಾವಿನಕಾಯಿ ಕದ್ದರೆ ಕಾಯಿ ಕದ್ದದ್ದಕ್ಕಿಂತ ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳು ಅಂತಲೇ ಅವರಿಗೆ ಸಿಟ್ಟು. ಮುಂದೆ ಅದೇ ಜನ ಮನೆಗೆ ಕರೆದು ಸತ್ಕಾರ ಮಾಡಿದರು. ಪುಟ್ಟಲಕ್ಷ್ಮಿಯ ಕಾಲ ಅದಕ್ಕೂ ಹಿಂದಿನದು. ಕಾದಂಬರಿಯಲ್ಲಿ ಎಲ್ಲರೂ ಆಕೆಯ ಸಂಗೀತಕ್ಕೆ ತಲೆದೂಗುತ್ತಾರೆ ಅಂತ ಬರೆದರೆ ನಾನು ನಂಬುವುದಿಲ್ಲ. ತಲೆದೂಗಿದವರೇ ಮನೆಯೊಳಗೆ ಸೇರಿಸುತ್ತಿರಲಿಲ್ಲ.

ಬರ್ಲಿನ್ ಕನ್ನಡತಿ

ನಿಮ್ಮ ಜೋಗುಳದ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ಇಲ್ಲಿ ಒಂದು ಸಂಗೀತ ಶಾಲೆಯಲ್ಲಿ ಪಿಯಾನೋ ಕಲಿಸುತ್ತೇನೆ, ಈ ಊರಿನದೇ ಒಂದು ಕಥೆ ಇದೆ.

ಜರ್ಮನಿಯ ಸಂಗೀತ ಸಂಯೋಜಕ ಫೆಲಿಕ್ಸ್ ಮೆಂಡೆಲ್ಸನ್ ಹೆಸರು ಕೇಳಿರುತ್ತೀರಿ. ಅವನ ಅಕ್ಕ ಫ್ಯಾನಿ, 1805ರಲ್ಲಿ ಹುಟ್ಟಿದವಳು. ಇಬ್ಬರಿಗೂ ಒಂದೇ ಶಿಕ್ಷಣ. ಆಕೆಗೆ ಹದಿನಾಲ್ಕು, ಹದಿನೈದು ವಯಸ್ಸಿದ್ದಾಗ ತಂದೆ ಕಾಗದ ಬರೆದ, ಸಂಗೀತ ಫೆಲಿಕ್ಸನಿಗೆ ವೃತ್ತಿ ಆಗಬಹುದು, ನಿನಗೆ ಅದು ಒಡವೆಯಾಗಿ ಇದ್ದರೆ ಸಾಕು ಅಂತ. ಆಕೆ ನಿಲ್ಲಿಸಲಿಲ್ಲ, ನಾನೂರಕ್ಕೂ ಜಾಸ್ತಿ ಕೃತಿ ಬರೆದಳು. ಕೆಲವು ಹಾಡುಗಳು ತಮ್ಮನ ಹೆಸರಿನಲ್ಲಿ ಅಚ್ಚಾದವು. 1842ರಲ್ಲಿ ಫೆಲಿಕ್ಸ್ ಲಂಡನ್ನಿಗೆ ಹೋದಾಗ ವಿಕ್ಟೋರಿಯಾ ರಾಣಿ ಅವನ ಪುಸ್ತಕದಿಂದ ತನಗೆ ಇಷ್ಟವಾದ ಹಾಡು ಆರಿಸಿ ಹಾಡಿದಳು. ಅದು ಅಕ್ಕ ಬರೆದದ್ದು ಅಂತ ಅವನು ಅಲ್ಲೇ ಒಪ್ಪಿಕೊಳ್ಳಬೇಕಾಯಿತು. ಫ್ಯಾನಿ ತನ್ನ ಹೆಸರಿನಲ್ಲೇ ಒಂದನೇ ಕೃತಿಸಂಖ್ಯೆ ಹಾಕಿ ಹಾಡುಗಳನ್ನು ಪ್ರಕಟಿಸಿದ್ದು 1846ರಲ್ಲಿ, ಮಾರನೇ ವರ್ಷ ತೀರಿಹೋದಳು.

ಇನ್ನು ಮುಖ್ಯವಾದದ್ದು. ಆಕೆ 1828ರಲ್ಲಿ ಈಸ್ಟರ್ ಸೊನಾಟಾ ಅಂತ ಒಂದು ಪಿಯಾನೋ ಕೃತಿ ಬರೆದಳು. ಕಾಗದ ಪತ್ರಗಳಲ್ಲಿ ಅದರ ಮಾತು ಇತ್ತು, ಕೃತಿ ಮಾತ್ರ ಕಾಣೆ. 1970ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಹಸ್ತಪ್ರತಿ ಸಿಕ್ಕಿತು, ಮೆಂಡೆಲ್ಸನ್ ಅಂತ ಇದ್ದದ್ದರಿಂದ ಫೆಲಿಕ್ಸನದೇ ಅಂತ ತೀರ್ಮಾನ ಮಾಡಿ ರೆಕಾರ್ಡೂ ಮಾಡಿಬಿಟ್ಟರು. 2010ರಲ್ಲಿ ಒಬ್ಬ ಸಂಶೋಧಕಿ ಆ ಹಸ್ತಪ್ರತಿಯನ್ನು ಕಣ್ಣಾರೆ ನೋಡಿ, ಬರವಣಿಗೆ ಫ್ಯಾನಿಯದು, ಪುಟದ ಸಂಖ್ಯೆಗಳು ಆಕೆಯ ಪುಸ್ತಕದಿಂದ ಕಾಣೆಯಾದ ಪುಟಗಳಿಗೆ ಸರಿ ಹೊಂದುತ್ತವೆ ಅಂತ ತೋರಿಸಿದಳು. ತಪ್ಪು ಹೆಸರು ಒಮ್ಮೆ ಅಂಟಿಕೊಂಡರೆ ಕೀಳಲು ನಲವತ್ತು ವರ್ಷ ಬೇಕು.

ಅದಕ್ಕೇ ನಿಮ್ಮ ಜೋಗುಳದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಹಾಡು ಮಾಡಿ, ರೆಕಾರ್ಡ್ ಮಾಡಿ, ಚೆನ್ನಾಗಿ ಮಾಡಿ. ಆದರೆ ಪುಟ್ಟಲಕ್ಷ್ಮಿ ವಿರಚಿತ ಅಂತ ಎಲ್ಲೂ ಬರಬಾರದು. ಸಾಹಿತ್ಯ, ಸಂಗೀತ ಎರಡಕ್ಕೂ ನಿಮ್ಮ ಹೆಸರೇ ಇರಲಿ, ಹಾಡಿನ ಹೆಸರಲ್ಲೇ ಕಾದಂಬರಿಯ ಹಾಡು ಅಂತ ಗೊತ್ತಾಗಲಿ. ಯೂಟ್ಯೂಬಿಗೆ ಬಿಟ್ಟ ಮೇಲೆ ಯಾರೋ ಇಳಿಸಿಕೊಂಡು ನೂರೈವತ್ತು ವರ್ಷ ಹಳೇ ಜೋಗುಳ ಅಂತ ವಾಟ್ಸಾಪಿನಲ್ಲಿ ಕಳಿಸುತ್ತಾರೆ, ಮುಂದೆ ಅದನ್ನೇ ಹಿಡಿದು ಸಂಶೋಧನೆ ಬೇರೆ ಮಾಡುತ್ತಾರೆ.

ಮೊಜಾರ್ಟನ ಅಕ್ಕ ಮರಿಯಾ ಆನ್ನಾಳ ವಿಷಯದಲ್ಲೂ ಇದೇ ಆಸೆ ಎಲ್ಲರಿಗೂ ಹುಟ್ಟುತ್ತದೆ. ಆಕೆ ಬರೆದ ಒಂದು ಹಾಡನ್ನು ನೋಡಿ ಆಶ್ಚರ್ಯಪಟ್ಟು ತಮ್ಮ 1770ರಲ್ಲಿ ಇಟಲಿಯಿಂದ ಕಾಗದ ಬರೆದಿದ್ದಾನೆ. ಆಕೆಯ ಒಂದು ಕೃತಿಯೂ ಉಳಿದಿಲ್ಲ. ಆ ಖಾಲಿ ಜಾಗವನ್ನು ಖಾಲಿಯಾಗಿಯೇ ತೋರಿಸುವ ಕಾದಂಬರಿ ನನಗೆ ಹೆಚ್ಚು ಇಷ್ಟ. ಪುಟ್ಟಲಕ್ಷ್ಮಿ ಹಾಡಲು ಬಾಯಿ ತೆರೆಯುತ್ತಾಳೆ, ಮಗು ಕೇಳಿಸಿಕೊಳ್ಳುತ್ತದೆ. ಹಾಡು ಯಾವುದು ಅಂತ ನೀವು ಹೇಳದೇ ಇದ್ದರೂ ನಡೆಯುತ್ತದೆ.

ರಂಗಸ್ವರ, ಮೈಸೂರು

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ಹೆಸರು ಪುಟ್ಟಲಕ್ಷ್ಮಿಯೇ ಇರುತ್ತದೆ. ಪೀಠಿಕೆ ಅಳಿಸಿದ ಕಥೆ ಓದಿದ ಮೇಲೆ ಬೇರೆ ಹೆಸರು ಬರೆಯಲು ಮನಸ್ಸು ಬರುವುದಿಲ್ಲ. ಕಪಿಲಾತೀರ ಸರ್, ನಿಮ್ಮ ಭಯವನ್ನೂ ಪಕ್ಕಕ್ಕೆ ಸರಿಸುತ್ತಿಲ್ಲ. ದಾಖಲೆಯಲ್ಲಿ ಇರುವ ಸಂಗತಿ ಇಷ್ಟು ಅಂತ ಮೊದಲ ಪುಟದಲ್ಲಿ ಹೇಳುತ್ತೇನೆ, ಕಥೆ ಆಕೆಯ ಕಣ್ಣು ಬಿಟ್ಟು ಹೊರಗೆ ಹೋಗುವುದಿಲ್ಲ.

ಜೋಗುಳದ ವಿಷಯಕ್ಕೆ ಬರ್ಲಿನ್ ಮೇಡಂ ಹೇಳಿದ್ದನ್ನೇ ಮಾಡುತ್ತೇನೆ, ಆದರೆ ಹಾಡನ್ನು ಪೂರ್ತಿ ಬಿಡುವುದಿಲ್ಲ. ನನಗೆ ಬರುವ ಕೆಲಸ ರಾಗ ಹಾಕುವುದು, ಈ ಹೆಂಗಸಿನ ಹತ್ತಿರ ನಾನು ಹೋಗಬಹುದಾದ ದಾರಿ ಅದೊಂದೇ. ನನ್ನ ಹೆಸರಿನಲ್ಲೇ ಇರುತ್ತದೆ, ಪುಸ್ತಕಕ್ಕೆ ಅಂಟಿಸಿ ಬಿಡುವುದು ಬೇಡ ಅಂತ ಪ್ರಕಾಶಕರಿಗೆ ಹೇಳುತ್ತೇನೆ. ಕಾದಂಬರಿಯೊಳಗೆ ಆಕೆ ಹಾಡುವುದು ಹಳೇ ತೆಲುಗು ಕವಿ ಕ್ಷೇತ್ರಯ್ಯನ ಪದ ಅಂತ ಬದಲಿಸುತ್ತಿದ್ದೇನೆ. ಆ ಮನೆತನಗಳಲ್ಲಿ ತಲೆಮಾರುಗಳಿಂದ ಹಾಡಿಕೊಂಡು ಬಂದದ್ದು ಅದೇ ಅಲ್ವಾ. ಶೃಂಗಾರದ ಪದವನ್ನು ಒಬ್ಬ ತಾಯಿ ಹಸಿದ ಮಗುವನ್ನು ಮಲಗಿಸಲು ನಿಧಾನಕ್ಕೆ ಹಾಡುವುದರಲ್ಲಿ ನಾನು ಬರೆದ ಜೋಗುಳಕ್ಕಿಂತ ಜಾಸ್ತಿ ನಿಜ ಇದೆ.

ಕುಂದಗೋಳ ರೈಲು ಅವರೇ, ಅಂಬಾಬಾಯಿಯವರ ಬಗ್ಗೆ ನೀವು ಬರೆದ ಪ್ಯಾರಾ ನನ್ನ ತಲೆಯಿಂದ ಹೋಗುತ್ತಿಲ್ಲ. ಗದ್ಯದಲ್ಲಿ ಸಂಗೀತ ಬರೆಯುವುದು ಹೇಗೆ ಅನ್ನುವುದಕ್ಕೆ ಉತ್ತರವೂ ಅದರಲ್ಲೇ ಸಿಕ್ಕಿತು. ಹಾಡು ಎಷ್ಟು ಚಂದ ಅಂತ ಬರೆಯುವ ಬದಲು ಗಾಂಧಾರ ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುವುದಿಲ್ಲ, ಅದರಿಂದ ಮನೆಯಲ್ಲಿ ಏನಾಗುತ್ತದೆ ಅಂತ ಬರೆಯಬೇಕು. ನಾಟಕಕ್ಕೆ ಸಂಗೀತ ಮಾಡುವಾಗ ನಾನು ದಿನಾ ಮಾಡುವ ಯೋಚನೆ ಅದೇ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ನಂಜನಗೂಡಿನಿಂದ ಮಗು ಎತ್ತಿಕೊಂಡು ಮೈಸೂರಿಗೆ ಬರುವ ಅಧ್ಯಾಯ ಇದೆ. ಆ ದಾರಿ ಆಗ ಹೇಗಿತ್ತು? ರೈಲು ಇತ್ತಾ? ದೇವಸ್ಥಾನದ ಸೇವೆಯ ವಿಷಯವೂ ಗೊತ್ತಿದ್ದರೆ ಹೇಳಿ.

ಹಳೇ ಪ್ಲೇಟು

ಕ್ಷೇತ್ರಯ್ಯನ ಪದ ಒಳ್ಳೆಯ ಆಯ್ಕೆ. ವಿಳಂಬದಲ್ಲಿ ಹಾಡುವ ಹಳೇ ಪದ್ಧತಿ ಕೇಳಬೇಕಾದರೆ ವೀಣೆ ಧನಮ್ಮಾಳ್ ಮನೆತನದವರ ರೆಕಾರ್ಡು ಕೇಳಿ. ಅವರ ಮೊಮ್ಮಕ್ಕಳಾದ ಬೃಂದಾ, ಮುಕ್ತಾ ಹಾಡಿರುವುದು ಸಿಗುತ್ತದೆ. ಆ ಮನೆಯಲ್ಲೂ ಸಂಗೀತ ಇಳಿದು ಬಂದದ್ದು ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ.

ಕಪಿಲಾತೀರ

ಹೆಸರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೇ ಇದೆ, ಆದರೆ ಮೊದಲ ಪುಟದಲ್ಲಿ ಬರೆಯುತ್ತೀರಿ ಅಂದದ್ದು ಸಮಾಧಾನ.

ದಾರಿಯ ವಿಷಯ. ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ, ನಿಮ್ಮ ಅಧ್ಯಾಯದ ಕಾಲಕ್ಕೆ ಇರಲಿಲ್ಲ. ಎತ್ತಿನ ಗಾಡಿ, ಇಲ್ಲವೇ ನಡೆದುಕೊಂಡು. ಸುಮಾರು 23 ಕಿಲೋಮೀಟರ್ ಆಗುತ್ತದೆ. ಹೊಳೆ ದಾಟಲು ದೋಣಿ ಹತ್ತಿಸಬೇಡಿ, ಕಪಿಲೆಗೆ ದಳವಾಯಿಗಳ ಕಾಲದ ಕಲ್ಲಿನ ಸೇತುವೆ 1735ರಿಂದಲೇ ಇತ್ತು, ಈಗಲೂ ಇದೆ. ಮುಂದೆ ರೈಲನ್ನೂ ಅದರ ಮೇಲೆಯೇ ಓಡಿಸಿದರು. ಮಗು ಹುಟ್ಟಿದ್ದು ನವೆಂಬರಿನಲ್ಲಿ, ದೊಡ್ಡ ಜಾತ್ರೆ ನಡೆಯುವುದು ಬೇಸಿಗೆ ಶುರುವಿನಲ್ಲಿ. ಎರಡನ್ನೂ ಒಂದೇ ದೃಶ್ಯದಲ್ಲಿ ತರಬೇಡಿ.

ದೇವಸ್ಥಾನದ ಸೇವೆ ಆಗ ಇನ್ನೂ ನಡೆಯುತ್ತಿತ್ತು. ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿದ್ದು 1909ರಲ್ಲಿ. ಆಗ ನಂಜನಗೂಡಿನ ದೇವಸ್ಥಾನದ ದೇವದಾಸಿಯರು ಸರ್ಕಾರಕ್ಕೆ ಅರ್ಜಿ ಕೊಟ್ಟು ವಿರೋಧಿಸಿದರು, ತಮ್ಮ ಹಕ್ಕು ಅಂತ ವಾದ ಮಾಡಿದರು. ಮುಜರಾಯಿ ಕಡತಗಳಲ್ಲಿ ಅದು ಇದೆ. ರಾಜ್ಯ ಪತ್ರಾಗಾರಕ್ಕೆ ಹೋಗಿ ಕೇಳಿ ನೋಡಿ. ಆ ಊರಿನ ಹೆಂಗಸರು ತಮ್ಮ ಬಗ್ಗೆ ತಾವೇ ಹೇಳಿಕೊಂಡ ಮಾತು ಅದು, ನಿಮ್ಮ ಕಾದಂಬರಿಯ ಮಾತುಕತೆಗೆ ಅದಕ್ಕಿಂತ ಒಳ್ಳೆಯ ಆಧಾರ ಸಿಗುವುದು ಕಷ್ಟ.